ಹೊಟ್ಟೆಗೆ ಯಾವ ಸ್ಕ್ಯಾನ್? ಎಕ್ಸ್-ರೇ, ಅಲ್ಟ್ರಾಸೌಂಡ್, ಸಿಟಿ, ಎಂಆರ್‌ಐ ನಡುವೆ ಆರಿಸುವ ಬಗೆ

ಬೆಳಗ್ಗೆ ಎಂಟೂವರೆಗೆ ಬಾಗಿಲು ತೆಗೆಯುವಾಗಲೇ ನಮ್ಮ ಸೆಂಟರ್‌ನ ಬೆಂಚಿನ ಮೇಲೆ ಆರೇಳು ಮಂದಿ ಕೂತಿರುತ್ತಾರೆ. "ಏನೂ ತಿಂದಿಲ್ಲ ತಾನೇ?" ಅಂತ ಕೇಳಿದರೆ ಎಲ್ಲರೂ ಇಲ್ಲ ಅಂತ ತಲೆಯಾಡಿಸುತ್ತಾರೆ. ಸ್ವಲ್ಪ ಹೊತ್ತಿಗೆ ಒಬ್ಬರು ಮೆಲ್ಲಗೆ ಹತ್ತಿರ ಬಂದು, "ತಿಂಡಿ ತಿಂದಿಲ್ಲಪ್ಪ, ಒಂದು ಲೋಟ ಕಾಫಿ ಕುಡಿದೆ ಅಷ್ಟೇ" ಅನ್ನುತ್ತಾರೆ.

ಆ ಒಂದು ಲೋಟ ಸಾಕು. ಹಾಲಿನ ಕೊಬ್ಬು ಹೊಟ್ಟೆಗಿಳಿದರೆ ಪಿತ್ತಕೋಶ ಹಿಂಡಿಕೊಂಡು ಒಳಗಿನ ರಸವನ್ನೆಲ್ಲ ಕರುಳಿಗೆ ಬಿಡುತ್ತದೆ. ತುಂಬಿಕೊಂಡಿರಬೇಕಾದ ಚೀಲ ಬಾಡಿದ ಮೆಣಸಿನಕಾಯಿಯ ಹಾಗೆ ಆಗುತ್ತದೆ. ಅದರೊಳಗೆ ಕಲ್ಲಿದೆಯಾ, ಗೋಡೆ ದಪ್ಪಗಾಗಿದೆಯಾ ಅಂತ ಹೇಳುವುದು ಕಷ್ಟ. ಹಾಗಾಗಿ ಅವರನ್ನು ಮಾರನೇ ದಿನ ಬರೋಕೆ ಹೇಳಬೇಕಾಗುತ್ತದೆ. ಬಸ್ ಚಾರ್ಜು ಅವರದ್ದು, ಬೈಗುಳ ನಮಗೆ.

ನಾನು ಟೆಕ್ನಿಷಿಯನ್. ಎಕ್ಸ್-ರೇ, ಸಿಟಿ, ಎಂಆರ್‌ಐ ತೆಗೆಯೋದು ನಮ್ಮ ಕೆಲಸ. ಅಲ್ಟ್ರಾಸೌಂಡ್ ಡಾಕ್ಟರೇ ಮಾಡುತ್ತಾರೆ. ಕೌಂಟರ್ ಹತ್ತಿರ ನಾನು ದಿನವೂ ಕೇಳುವ ಮಾತು ಒಂದಿದೆ. "ಇವೆಲ್ಲ ಯಾಕೆ ಸುಮ್ನೆ, ಒಂದೇ ಸಲ ಸಿಟಿ ಮಾಡಿಸಿಬಿಟ್ರೆ ಎಲ್ಲಾ ಗೊತ್ತಾಗುತ್ತಲ್ವಾ?" ಗೊತ್ತಾಗಲ್ಲ. ಕೆಲವು ಸಲ ಸಾವಿರ ಚಿಲ್ಲರೆಯ ಅಲ್ಟ್ರಾಸೌಂಡ್ ಹೇಳುವುದನ್ನು ಹಲವು ಸಾವಿರದ ಸಿಟಿ ಹೇಳುವುದಿಲ್ಲ. ದೊಡ್ಡ ಮೆಷಿನ್ ಅಂದ ಮಾತ್ರಕ್ಕೆ ದೊಡ್ಡ ಉತ್ತರ ಬರುವುದಿಲ್ಲ. ಡಾಕ್ಟರ ಮನಸ್ಸಿನಲ್ಲಿ ಯಾವ ಅನುಮಾನ ಇದೆ ಅನ್ನೋದರ ಮೇಲೆ ಮೆಷಿನ್ ಆರಿಸಬೇಕು. ಚೀಟಿ ಕೈಗೆ ಬಂದಾಗ "ಇದರಲ್ಲಿ ಏನು ನೋಡೋಕೆ ಅಂತ ಬರೆದಿದ್ದೀರಿ ಡಾಕ್ಟ್ರೇ?" ಅಂತ ಕೇಳಿ. ಆ ಒಂದು ಪ್ರಶ್ನೆಯಿಂದ ಅರ್ಧ ಗೊಂದಲ ಹೋಗುತ್ತದೆ.

ಯಾವುದಕ್ಕೆ ಯಾವುದು ಶತ್ರು

ಅಲ್ಟ್ರಾಸೌಂಡ್ ಅಂದರೆ ಶಬ್ದ. ನಮ್ಮ ಕಿವಿಗೆ ಕೇಳದಷ್ಟು ಮೇಲಿನ ಶ್ರುತಿಯ ಶಬ್ದವನ್ನು ಒಳಗೆ ಕಳಿಸಿ, ಮರಳಿ ಬಂದ ಪ್ರತಿಧ್ವನಿಯಿಂದ ಚಿತ್ರ ಮಾಡುತ್ತದೆ. ವಿಕಿರಣ ಇಲ್ಲ. ನೀರು, ರಸ ತುಂಬಿದ ಜಾಗಗಳು ಅದಕ್ಕೆ ಬಲು ಇಷ್ಟ. ಗಾಳಿ ಆಗುವುದೇ ಇಲ್ಲ. ಚರ್ಮಕ್ಕೂ ಮೈಮೇಲೆ ಆಡಿಸುವ ಪ್ರೋಬ್‌ಗೂ ನಡುವೆ ಇರುವ ಕೂದಲೆಳೆಯಷ್ಟು ಗಾಳಿಯೂ ಅಡ್ಡಿ ಅಂತಲೇ ಆ ತಣ್ಣನೆಯ ಜೆಲ್ ಸವರೋದು. ಇನ್ನು ಕರುಳಿನ ತುಂಬ ಗ್ಯಾಸ್ ಇದ್ದರೆ ಅದರ ಹಿಂದಿರುವ ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕ ಗ್ರಂಥಿ, ಕಾಣೋದೇ ಇಲ್ಲ. ರಿಪೋರ್ಟ್‌ನಲ್ಲಿ ಪ್ಯಾಂಕ್ರಿಯಾಸ್ ಎದುರಿಗೆ "ಗ್ಯಾಸ್‌ನಿಂದ ಮರೆಯಾಗಿದೆ" ಅಂತ ಇದ್ದರೆ ಅದು ಚೆನ್ನಾಗಿದೆ ಅಂತ ಅರ್ಥ ಅಲ್ಲ. ನೋಡೋಕೆ ಆಗಲಿಲ್ಲ ಅಂತ ಅರ್ಥ.

ಸಿಟಿ ಅಂದರೆ ಸುತ್ತ ತಿರುಗುವ ಎಕ್ಸ್-ರೇ. 1971ರಲ್ಲಿ ಲಂಡನ್ನಿನಲ್ಲಿ ಮೊದಲು ತಲೆ ನೋಡಲು ಬಳಸಿದರು, ಆಮೇಲೆ ಹೊಟ್ಟೆಗೂ ಬಂತು. ಗ್ಯಾಸ್ ಇದಕ್ಕೆ ಲೆಕ್ಕಕ್ಕಿಲ್ಲ. ಅಂಗಗಳ ನಡುವೆ ಒಂದಿಷ್ಟು ಕೊಬ್ಬು ಇದ್ದರೆ ಇದಕ್ಕೆ ಅನುಕೂಲವೇ ಆಗುತ್ತದೆ, ಯಾಕೆಂದರೆ ಕೊಬ್ಬು ಕಪ್ಪಾಗಿ ಕಂಡು ಒಂದೊಂದು ಅಂಗವನ್ನೂ ಬಿಡಿಸಿ ತೋರಿಸುತ್ತದೆ. ಅಲ್ಟ್ರಾಸೌಂಡ್‌ಗೆ ದಪ್ಪ ಮೈ ಕಷ್ಟ, ಸಿಟಿಗೆ ತೀರಾ ಸಣಕಲು ಮೈ ಕಷ್ಟ. ಇದನ್ನು ಹೇಳಿದರೆ ಯಾರೂ ನಂಬಲ್ಲ.

ಎಂಆರ್‌ಐಗೆ ಅಯಸ್ಕಾಂತ, ರೇಡಿಯೋ ಅಲೆ ಸಾಕು, ಎಕ್ಸ್-ರೇಯಂಥ ವಿಕಿರಣ ಬೇಕಿಲ್ಲ. ಆದರೆ ಅರ್ಧ, ಮುಕ್ಕಾಲು ಗಂಟೆ ಅಲುಗಾಡದೆ ಮಲಗಬೇಕು, ಹೇಳಿದಾಗೆಲ್ಲ ಉಸಿರು ಹಿಡಿಯಬೇಕು. ನೋವಿನಲ್ಲಿ ಹೊರಳಾಡುವವರಿಗೆ ಇದು ಆಗುವ ಮಾತಲ್ಲ.

ಪಿತ್ತಕೋಶದ ಕಲ್ಲು

ಊಟ ಆದ ಮೇಲೆ, ಅದರಲ್ಲೂ ಎಣ್ಣೆ ಪದಾರ್ಥ ತಿಂದ ರಾತ್ರಿ, ಬಲಗಡೆ ಪಕ್ಕೆಲುಬಿನ ಕೆಳಗೆ ಹಿಂಡುವ ನೋವು. ಬೆನ್ನಿಗೋ ಬಲಭುಜಕ್ಕೋ ಎಳೆಯುತ್ತದೆ. ಇಲ್ಲಿ ಮೊದಲ ಪರೀಕ್ಷೆ ಅಲ್ಟ್ರಾಸೌಂಡ್, ಅದರಲ್ಲಿ ಎರಡು ಮಾತಿಲ್ಲ. ಖಾಲಿ ಹೊಟ್ಟೆಯಲ್ಲಿ ಬಂದರೆ ನೂರಕ್ಕೆ 95ಕ್ಕೂ ಹೆಚ್ಚು ಸಲ ಪಿತ್ತಕೋಶದ ಕಲ್ಲು ಸಿಕ್ಕಿಬೀಳುತ್ತದೆ. ಪರದೆಯ ಮೇಲೆ ನೋಡೋಕೆ ಚೆಂದ. ಕಪ್ಪು ಚೀಲದೊಳಗೆ ಬೆಳ್ಳಗೆ ಹೊಳೆಯುವ ಕಾಳು, ಅದರ ಹಿಂದೆ ಉದ್ದನೆಯ ನೆರಳು. "ಎಡಕ್ಕೆ ತಿರುಗಿ" ಅಂದಾಗ ಕಾಳು ಉರುಳಿದರೆ ಕಲ್ಲು. ಉರುಳದೆ ಗೋಡೆಗೆ ಅಂಟಿಕೊಂಡಿದ್ದರೆ ಪಾಲಿಪ್, ಅಂದರೆ ಗೋಡೆಯಿಂದಲೇ ಬೆಳೆದ ಸಣ್ಣ ಗಂಟು, ಇರಬಹುದು ಅಂತ ಡಾಕ್ಟರು ಮತ್ತೆ ನೋಡುತ್ತಾರೆ. ಡಾಕ್ಟರು ಹಾಗೆ ಹೀಗೆ ಹೊರಳಿಸುವುದು ಇದಕ್ಕೇ.

ಇದೇ ಕಲ್ಲನ್ನು ಹುಡುಕೋಕೆ ಸಿಟಿ ಮಾಡಿಸಿದರೆ ತಪ್ಪಿಹೋಗಬಹುದು. ಕೊಲೆಸ್ಟರಾಲ್ ಕಲ್ಲು ಸಿಟಿಯಲ್ಲಿ ಸುತ್ತಲಿನ ಪಿತ್ತರಸದ ಬಣ್ಣದಲ್ಲೇ ಇದ್ದರೆ ಕಾಣೋದೇ ಇಲ್ಲ. ಎಕ್ಸ್-ರೇಯಲ್ಲಂತೂ ಪಿತ್ತದ ಕಲ್ಲು ಕಾಣುವುದು ನೂರಕ್ಕೆ 10–20 ಮಾತ್ರ.

ಕಥೆ ಕ್ಲಿಷ್ಟವಾಗೋದು ಕಲ್ಲು ಚೀಲ ಬಿಟ್ಟು ಪಿತ್ತನಾಳಕ್ಕೆ ಜಾರಿದಾಗ. ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಮೈಯೆಲ್ಲ ನವೆ, ಕೆಲವರಿಗೆ ಚಳಿಜ್ವರ. ನಾಳದ ಕೆಳತುದಿ ಕರುಳಿನ ಗ್ಯಾಸ್ ಹಿಂದೆ ಅಡಗಿರುವುದರಿಂದ ಅಲ್ಟ್ರಾಸೌಂಡ್ ಅಲ್ಲಿ ಸೋಲುತ್ತದೆ. "ನಾಳ ಹಿಗ್ಗಿದೆ, ಕಾರಣ ಕಾಣುತ್ತಿಲ್ಲ" ಅಂತ ರಿಪೋರ್ಟ್ ಬರುತ್ತದೆ. ಮುಂದಿನ ಮೆಟ್ಟಿಲು ಎಂಆರ್‌ಸಿಪಿ. ಅದು ಎಂಆರ್‌ಐನದೇ ಒಂದು ಬಗೆ, 1991ರಿಂದ ಬಳಕೆಗೆ ಬಂತು. ಇದರ ಜಾಣತನ ನನಗೆ ಇಂದಿಗೂ ಖುಷಿ ಕೊಡುತ್ತದೆ. ಚಿತ್ರ ಎದ್ದು ಕಾಣಲಿ ಅಂತ ಕೊಡುವ ಯಾವ ಇಂಜೆಕ್ಷನ್ನೂ ಬೇಡ. ನಿಂತ ನೀರು ಮಾತ್ರ ಬೆಳ್ಳಗೆ ಹೊಳೆಯುವ ಹಾಗೆ ಮೆಷಿನ್ ಹೊಂದಿಸುತ್ತಾರೆ. ಪಿತ್ತನಾಳಗಳೆಲ್ಲ ಎಲೆ ಉದುರಿದ ಮರದ ಕೊಂಬೆಗಳ ಹಾಗೆ ಎದ್ದು ಕಾಣುತ್ತವೆ. ಕಲ್ಲಿದ್ದ ಜಾಗದಲ್ಲಿ ಕಪ್ಪು ಚುಕ್ಕೆ.

ಇಲ್ಲಿ ಜನ ಎಡವೋದು ಎಂಆರ್‌ಸಿಪಿ ಮತ್ತು ಇಆರ್‌ಸಿಪಿ ನಡುವೆ. ಹೆಸರು ಅವಳಿ ಮಕ್ಕಳ ಹಾಗಿದೆ, ಕೆಲಸ ಬೇರೆ. ಎಂಆರ್‌ಸಿಪಿ ಬರೀ ಫೋಟೋ. ಇಆರ್‌ಸಿಪಿ ಅಂದರೆ ಬಾಯಿಂದ ಟ್ಯೂಬ್ ಇಳಿಸಿ, ನಾಳದ ಬಾಯಿ ಕೊಯ್ದು ಕಲ್ಲು ತೆಗೆಯುವ ಚಿಕಿತ್ಸೆ. ಅದಾದ ಮೇಲೆ ನೂರರಲ್ಲಿ 3ರಿಂದ 10 ಮಂದಿಗೆ ಪ್ಯಾಂಕ್ರಿಯಾಸ್ ಊದಿಕೊಳ್ಳಬಹುದು. ಹಾಗಾಗಿ ಕಲ್ಲು ಇದೆಯಾ ಅಂತ ಖಾತ್ರಿ ಇಲ್ಲದಿದ್ದರೆ ಮೊದಲು ಎಂಆರ್‌ಸಿಪಿ. ಕಲ್ಲು ಇರೋದು ಖಚಿತವಾಗಿ, ಕಾಮಾಲೆ, ಜ್ವರ ಎರಡೂ ಏರುತ್ತಿದ್ದರೆ ನೇರ ಇಆರ್‌ಸಿಪಿಗೆ ಹೋಗುತ್ತಾರೆ. "ಎಂಆರ್‌ಸಿಪಿ ಮಾಡಿಸಿಯೂ ಕಲ್ಲು ಹೋಗಲಿಲ್ಲ" ಅಂತ ಜಗಳಕ್ಕೆ ಬಂದವರನ್ನು ನಾನು ನೋಡಿದ್ದೇನೆ. ಮರಳಿನಷ್ಟು ಸಣ್ಣ ಕಲ್ಲು ಎಂಆರ್‌ಸಿಪಿಗೂ ತಪ್ಪಬಹುದು. ಅಂಥವಕ್ಕೆ ಎಂಡೋಸ್ಕೋಪ್, ಅಂದರೆ ಬಾಯಿಂದ ಇಳಿಸುವ ಕ್ಯಾಮೆರಾ ಟ್ಯೂಬ್, ಅದರ ತುದಿಯಲ್ಲೇ ಅಲ್ಟ್ರಾಸೌಂಡ್ ಇರುವ ಇಯುಎಸ್ ಇನ್ನೂ ಮೇಲು. ಅದು ದೊಡ್ಡ ಊರುಗಳಲ್ಲೇ ಸಿಗೋದು.

ಕಿಡ್ನಿ ಕಲ್ಲು, ಅಪೆಂಡಿಕ್ಸ್

ಕಿಡ್ನಿ ಕಲ್ಲಿನ ಲೆಕ್ಕ ಉಲ್ಟಾ. ಮೂತ್ರನಾಳದ ಮಧ್ಯೆ ಸಿಕ್ಕಿಕೊಂಡ ಸಣ್ಣ ಕಲ್ಲನ್ನು ಅಲ್ಟ್ರಾಸೌಂಡ್ ಬಿಟ್ಟುಬಿಡಬಹುದು. ಇಂಜೆಕ್ಷನ್ ಇಲ್ಲದ ಸಾದಾ ಸಿಟಿ ಬಹುತೇಕ ಎಲ್ಲ ಕಲ್ಲನ್ನೂ ಎಲ್ಲಿದೆ, ಎಷ್ಟು ಮಿಲಿಮೀಟರ್ ಅಂತ ತೋರಿಸುತ್ತದೆ. ಆದರೂ ಹದಿಹರೆಯದವರಿಗೆ, ಬಸುರಿಯರಿಗೆ, ಪದೇ ಪದೇ ಕಲ್ಲು ಆಗುವವರಿಗೆ ಅಲ್ಟ್ರಾಸೌಂಡೇ ಮೊದಲು. ವರ್ಷಕ್ಕೆ ಮೂರು ಸಲ ನೋವು ಬಂದರೆ ಮೂರು ಸಲವೂ ಸಿಟಿ ಸುರಂಗಕ್ಕೆ ಹೋಗಬೇಕಿಲ್ಲ. ಈ ಅಲ್ಟ್ರಾಸೌಂಡ್‌ಗೆ ನೀರು ಕುಡಿದು, ಮೂತ್ರ ತಡೆದುಕೊಂಡು ಬರಬೇಕು. ಮೂತ್ರಚೀಲ ತುಂಬಿದ್ದರೆ ಅದು ಕಿಟಕಿಯ ಹಾಗೆ ಕೆಲಸ ಮಾಡುತ್ತದೆ.

ಅಪೆಂಡಿಕ್ಸ್ ಅನುಮಾನ ಇದ್ದಾಗ ವಯಸ್ಸು ನೋಡಿ. ಮಕ್ಕಳಿಗೆ, ತೆಳ್ಳಗಿರುವವರಿಗೆ ಅಲ್ಟ್ರಾಸೌಂಡ್. ಪ್ರೋಬ್‌ನಿಂದ ಒತ್ತಿದರೂ ಚಪ್ಪಟೆಯಾಗದ, 6 ಮಿಲಿಮೀಟರ್‌ಗಿಂತ ದಪ್ಪನೆಯ ಕೊಳವೆ ಕಂಡರೆ ಅನುಮಾನ ಗಟ್ಟಿ. ಆದರೆ ಅಪೆಂಡಿಕ್ಸ್ ಕಾಣಲೇ ಇಲ್ಲ ಅನ್ನೋದು ತೀರಾ ಸಾಮಾನ್ಯ. ಕಾಣದಿದ್ದರೆ ಖಾಯಿಲೆ ಇಲ್ಲ ಅಂತ ಅಲ್ಲ. ದೊಡ್ಡವರಲ್ಲಿ ಹಾಗಾದರೆ ಸಿಟಿ. ಬಸುರಿಯರಿಗೆ ಅಲ್ಟ್ರಾಸೌಂಡ್, ಸಾಲದಿದ್ದರೆ ಇಂಜೆಕ್ಷನ್ ಇಲ್ಲದ ಎಂಆರ್‌ಐ. ಬಸುರಿ ಹೆಂಗಸಿಗೆ ಹೊಟ್ಟೆನೋವಿಗೆ ಸ್ಕ್ಯಾನ್ ಮಾಡಿದರೂ ಫಾರ್ಮ್ ತುಂಬಿಸಿಕೊಳ್ಳುತ್ತೇವೆ, ಸಹಿ ಕೇಳುತ್ತೇವೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾನೂನು ಅದು, ಬೇಸರ ಮಾಡಿಕೊಳ್ಳಬೇಡಿ.

ಇನ್ನು ಎರಡು ವರ್ಷದೊಳಗಿನ ಮಗು. ಇದ್ದಕ್ಕಿದ್ದ ಹಾಗೆ ಕಾಲು ಮಡಚಿಕೊಂಡು ಕಿರುಚಿ ಅಳುತ್ತದೆ, ಐದು ನಿಮಿಷ ಸುಮ್ಮನಾಗುತ್ತದೆ, ಮತ್ತೆ ಅಳುತ್ತದೆ. ಒಂದು ಕರುಳು ಇನ್ನೊಂದರೊಳಗೆ ದೂರಬೀನಿನ ಕೊಳವೆಯ ಹಾಗೆ ನುಗ್ಗಿರಬಹುದು. ಅಲ್ಟ್ರಾಸೌಂಡ್‌ನಲ್ಲಿ ಬಳೆಯೊಳಗೆ ಬಳೆ ಇಟ್ಟ ಹಾಗೆ ಕಾಣುತ್ತದೆ. ಬೇಗ ಬಂದರೆ ಗುದದ್ವಾರದಿಂದ ಗಾಳಿ ಅಥವಾ ನೀರು ಹಾಕಿಯೇ ಬಿಡಿಸಬಹುದು, ಆಪರೇಷನ್ ತಪ್ಪುತ್ತದೆ. ಇದರಲ್ಲಿ "ದೃಷ್ಟಿ ಆಗಿದೆ, ನಾಳೆ ನೋಡೋಣ" ಅನ್ನೋದು ಬೇಡ.

ಎಕ್ಸ್-ರೇ ಹಳೇದಾಯ್ತಾ?

1895ರಲ್ಲಿ ರಾಂಟ್‌ಜನ್ ಕಂಡುಹಿಡಿದದ್ದು ಈಗಲೂ ಕೆಲವು ಕಡೆ ಸರಿಸಾಟಿ ಇಲ್ಲದ್ದು. ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿ, ಮುಟ್ಟಿದರೆ ಕೂಗುವವರು ಬಂದರೆ ಮೊದಲು ನಿಲ್ಲಿಸಿ, ಆಗದಿದ್ದರೆ ಕೂರಿಸಿ ಒಂದು ಎದೆ ಎಕ್ಸ್-ರೇ. ಹುಣ್ಣಿನಿಂದಲೋ ಟೈಫಾಯ್ಡ್‌ನಿಂದಲೋ ಕರುಳು ತೂತಾಗಿದ್ದರೆ ಗಾಳಿ ಮೇಲೇರಿ ವಪೆಯ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯ, ಕೆಳಗೆ ಕಪ್ಪು ಚಂದ್ರನಂತೆ ನಿಲ್ಲುತ್ತದೆ. ಎರಡು ನಿಮಿಷದಲ್ಲಿ ಉತ್ತರ. ಆದರೆ ಅದು ಕಾಣದೆಯೂ ತೂತು ಇರಬಹುದು, ಆಗ ಸಿಟಿ. ಕರುಳು ಕಟ್ಟಿಕೊಂಡಿದ್ದರೂ ನಿಲ್ಲಿಸಿ ತೆಗೆದ ಎಕ್ಸ್-ರೇಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನೀರಿನ ಗೆರೆಗಳು ಕಾಣುತ್ತವೆ.

ಮಗು ನಾಣ್ಯ ನುಂಗಿದೆ ಅಂತ ಓಡಿ ಬರುವವರು ಬಹಳ. ನಾಣ್ಯ ಹೊಟ್ಟೆಗೆ ಇಳಿದಿದ್ದರೆ ಸಾಮಾನ್ಯವಾಗಿ ತಾನಾಗೇ ಹೋಗುತ್ತದೆ. ಎಕ್ಸ್-ರೇಯಲ್ಲಿ ಆ ದುಂಡಿಗೆ ಅಂಚಿನಲ್ಲಿ ಇನ್ನೊಂದು ಉಂಗುರ ಕಂಡರೆ ಎದೆ ಧಸಕ್ ಅನ್ನುತ್ತದೆ. ಅದು ಗುಂಡಿ ಬ್ಯಾಟರಿ. ರಿಮೋಟು, ಆಟಿಕೆಗಳಲ್ಲಿ ಇರುವಂಥದ್ದು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡಬಲ್ಲದು. ಮೀನಿನ ಮುಳ್ಳು ಮಾತ್ರ ಎಕ್ಸ್-ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ, ಅದಕ್ಕೆ ಸಿಟಿ ಬೇಕಾಗುತ್ತದೆ.

ಎಕ್ಸ್-ರೇಗೆ ಬರುವಾಗ ಉಡಿದಾರ ಬಿಚ್ಚಿ ಬನ್ನಿ. ಬೆಳ್ಳಿ ತಾಯತ ಹೊಟ್ಟೆಯೊಳಗೇ ಇದೆಯೇನೋ ಅನ್ನುವ ಹಾಗೆ ಮೂಡುತ್ತದೆ.

"ಗ್ಯಾಸ್ಟ್ರಿಕ್ಕಿಗೆ ಸ್ಕ್ಯಾನ್ ಮಾಡಿ"

ನಮ್ಮಲ್ಲಿ ಎದೆಯುರಿ, ಹುಳಿತೇಗು, ಹೊಟ್ಟೆ ಉಬ್ಬರ ಎಲ್ಲಕ್ಕೂ ಒಂದೇ ಹೆಸರು, ಗ್ಯಾಸ್ಟ್ರಿಕ್. ಸ್ಕ್ಯಾನ್ ಮಾಡಿಸಿದರೆ ನಾರ್ಮಲ್ ಬರುತ್ತದೆ. ಆಗ ಮನೆಯವರು, "ಎಲ್ಲಾ ನಾರ್ಮಲ್, ಅವನದ್ದು ಬರೀ ನಾಟಕ" ಅಂದುಬಿಡುತ್ತಾರೆ. ಅದು ಅನ್ಯಾಯ. ಜಠರದ ಒಳಗೋಡೆಯ ಉರಿ, ಸಣ್ಣ ಹುಣ್ಣು ಅಲ್ಟ್ರಾಸೌಂಡ್‌ಗೆ ಕಾಣುವುದಿಲ್ಲ. ಸಿಟಿಗೂ ಹೆಚ್ಚಾಗಿ ಕಾಣುವುದಿಲ್ಲ. ಒಳಚರ್ಮ ನೋಡಬೇಕಾದರೆ ಎಂಡೋಸ್ಕೋಪಿಯೇ ಬೇಕು. ಅಲ್ಲಿಂದಲೇ ಚೂರು ತೆಗೆದು ಹುಣ್ಣು ತರುವ ಬ್ಯಾಕ್ಟೀರಿಯಾ ಇದೆಯಾ ಅಂತ ನೋಡುತ್ತಾರೆ. ಗಂಟಲಿಗೆ ಟ್ಯೂಬ್ ಅಂದರೆ ಭಯ ಸಹಜ, ಆದರೆ ಸಾಮಾನ್ಯವಾಗಿ ಕೆಲವೇ ನಿಮಿಷದ ಕೆಲಸ.

ಹಾಗಂತ ಉರಿ ಬಂದವರೆಲ್ಲ ಎಂಡೋಸ್ಕೋಪಿ ಮಾಡಿಸಬೇಕಿಲ್ಲ. ನುಂಗುವಾಗ ಅನ್ನ ಸಿಕ್ಕಿಕೊಳ್ಳೋದು, ಕಾರಣ ಇಲ್ಲದೆ ತೂಕ ಇಳಿಯೋದು, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ರಕ್ತ ಕಡಿಮೆ ಆಗೋದು, ವಯಸ್ಸಾದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಇವಿದ್ದರೆ ತಡ ಮಾಡಬೇಡಿ. ಕಬ್ಬಿಣದ ಮಾತ್ರೆ ತಗೊಳ್ಳುವವರಿಗೂ ಮಲ ಕಪ್ಪಾಗುತ್ತದೆ, ಅದನ್ನು ಡಾಕ್ಟರಿಗೆ ಹೇಳಿ.

ಅನ್ನನಾಳ ತಿಂದದ್ದನ್ನು ಕೆಳಗೆ ತಳ್ಳುತ್ತದೋ ಇಲ್ಲವೋ ಅಂತ ನೋಡಲು ಹಳೇ ಬೇರಿಯಂ ಪರೀಕ್ಷೆ ಈಗಲೂ ಇದೆ. ಸುಣ್ಣದ ನೀರಿನ ಹಾಗೆ ದಪ್ಪ, ಬಿಳಿ ದ್ರವ ಕುಡಿಸಿ, ಇಳಿಯುತ್ತಿರುವಾಗಲೇ ಎಕ್ಸ್-ರೇ ನೋಡೋದು. ಕೆಳಬಾಯಿ ತೆರೆಯದ ಖಾಯಿಲೆಯಲ್ಲಿ ಅನ್ನನಾಳದ ತುದಿ ಹಕ್ಕಿಯ ಕೊಕ್ಕಿನ ಹಾಗೆ ಚೂಪಾಗಿ ಕಾಣುತ್ತದೆ. ಮಾರನೇ ದಿನ ಮಲ ಬಿಳಿ ಹೋದರೆ ಗಾಬರಿಯಾಗಬೇಡಿ. ತೂತು ಆಗಿರುವ ಅನುಮಾನ ಇದ್ದರೆ ಮಾತ್ರ ಬೇರಿಯಂ ಕೊಡುವುದಿಲ್ಲ.

ಕರುಳು, ಲಿವರ್

ಸಣ್ಣ ಕರುಳು ಆರು ಮೀಟರ್ ಆಸುಪಾಸಿನ ಗಲ್ಲಿ. ಮೇಲಿನ ಎಂಡೋಸ್ಕೋಪಿ ಅದರ ಬಾಗಿಲವರೆಗೆ, ಗುದದ್ವಾರದಿಂದ ಕ್ಯಾಮೆರಾ ಟ್ಯೂಬ್ ಹಾಕುವ ಕೊಲೊನೋಸ್ಕೋಪಿ ಅದರ ಹಿತ್ತಿಲವರೆಗೆ ಹೋಗುತ್ತದೆ. ನಡುವಿನದಕ್ಕೆ ಸಿಟಿ ಅಥವಾ ಎಂಆರ್ ಎಂಟರೋಗ್ರಫಿ. ಮುಕ್ಕಾಲು ಗಂಟೆಯಲ್ಲಿ ಲೀಟರ್‌ಗೂ ಹೆಚ್ಚು ಸಿಹಿ ದ್ರವ ಕುಡಿಸಿ ಕರುಳನ್ನು ಹಿಗ್ಗಿಸಿ ನೋಡುತ್ತಾರೆ. ನಮ್ಮ ದೇಶದಲ್ಲಿ ಇದಕ್ಕೆ ವಿಶೇಷ ಬೆಲೆ. ಕರುಳಿನ ಕ್ಷಯ ಮತ್ತು ಕರುಳು ವರ್ಷಗಟ್ಟಲೆ ಊದಿ ಹುಣ್ಣಾಗುವ ಕ್ರೋನ್ಸ್ ಖಾಯಿಲೆ ಒಂದೇ ಜಾಗದಲ್ಲಿ, ಬಲಗಡೆ ಕೆಳಹೊಟ್ಟೆಯಲ್ಲಿ, ಒಂದೇ ಥರ ಕಾಣುತ್ತವೆ. ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಎಷ್ಟು ಒಳ್ಳೆ ಸ್ಕ್ಯಾನ್ ಆದರೂ ಕೊನೆಗೆ ಕೊಲೊನೋಸ್ಕೋಪಿಯಲ್ಲಿ ತೆಗೆದ ಚೂರೇ ಮಾತಾಡಬೇಕು. ಪದೇ ಪದೇ ಸ್ಕ್ಯಾನ್ ಮಾಡಿಸಿ ಬಯಾಪ್ಸಿ ಮುಂದೂಡುವವರನ್ನು ಕಂಡರೆ ನನಗೆ ಸಂಕಟ. ನುಂಗುವ ಕ್ಯಾಮೆರಾ ಕ್ಯಾಪ್ಸೂಲ್ ಇದೆ, ಕಾರಣ ಸಿಗದ ರಕ್ತಸ್ರಾವಕ್ಕೆ ಒಳ್ಳೇದು. ಕರುಳು ಎಲ್ಲಾದರೂ ಕಿರಿದಾಗಿದ್ದರೆ ಅದೇ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಫ್ಯಾಟಿ ಲಿವರ್ ಈಗ ಮನೆಮಾತು. ಗ್ರೇಡ್ 1 ಅಂತ ಬಂದ ತಕ್ಷಣ ನಿದ್ದೆಗೆಡುವವರೂ ಇದ್ದಾರೆ, ಗ್ರೇಡ್ 3 ಬಂದರೂ ಕ್ಯಾರೇ ಅನ್ನದವರೂ ಇದ್ದಾರೆ. ಅಲ್ಟ್ರಾಸೌಂಡ್‌ನ ಈ ಗ್ರೇಡು ಕೊಬ್ಬಿನ ಅಂದಾಜು ಅಷ್ಟೇ. ಲಿವರ್ ಗಟ್ಟಿಯಾಗುತ್ತಿದೆಯಾ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಫೈಬ್ರೋಸ್ಕ್ಯಾನ್. ಲಿವರ್‌ನಲ್ಲಿ ಗಡ್ಡೆ ಕಂಡರೆ ಇಂಜೆಕ್ಷನ್ ಹಾಕಿ ಹಂತ ಹಂತವಾಗಿ ತೆಗೆಯುವ ಸಿಟಿ ಅಥವಾ ಎಂಆರ್‌ಐ. ಪ್ಯಾಂಕ್ರಿಯಾಸ್ ಊದಿಕೊಂಡಾಗ ಮೊದಲ ದಿನವೇ ಸಿಟಿಗೆ ಅವಸರ ಬೇಡ ಅಂತ ಡಾಕ್ಟರು ಹೇಳಬಹುದು. ಅವರು ಹೇಳೋದು ಸರಿ. ಎಷ್ಟು ಭಾಗ ಹಾಳಾಗಿದೆ ಅನ್ನೋದು ಮೂರು ದಿನ ಕಳೆದ ಮೇಲೆ ಚೆನ್ನಾಗಿ ಕಾಣುತ್ತದೆ.

ಇಂಜೆಕ್ಷನ್, ಒಡವೆ, ವಿಕಿರಣ

ಸಿಟಿಗೆ ಕೊಡುವ ಅಯೋಡಿನ್ ಇಂಜೆಕ್ಷನ್ ಒಳಗೆ ಹೋದಾಗ ಮೈಯೆಲ್ಲ ಬಿಸಿ ಹರಿದ ಹಾಗೆ, ಮೂತ್ರ ಹೋಗಿಬಿಟ್ಟ ಹಾಗೆ ಅನ್ನಿಸುತ್ತದೆ. ಹೋಗಿರುವುದಿಲ್ಲ! ಮೊದಲೇ ಹೇಳದಿದ್ದರೆ ಪಾಪ, ಎಷ್ಟೋ ಜನ ನಾಚಿಕೆಯಿಂದ ಎದ್ದು ಕೂರುತ್ತಾರೆ, ಚಿತ್ರ ಕೆಡುತ್ತದೆ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ಹೇಳುವ ರಕ್ತಪರೀಕ್ಷೆ, ಕ್ರಿಯಾಟಿನಿನ್ ರಿಪೋರ್ಟ್ ತನ್ನಿ, ಸಕ್ಕರೆಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ ಹೇಳಿ. ಕರಾವಳಿ ಕಡೆಯವರು "ನಂಗೆ ಸಿಗಡಿ ಆಗಲ್ಲ, ಅಯೋಡಿನ್ ಬೇಡ" ಅನ್ನೋದುಂಟು. ಸಿಗಡಿಯ ಅಲರ್ಜಿ ಅದರ ಪ್ರೋಟೀನಿನದ್ದು, ಅಯೋಡಿನ್‌ನದ್ದಲ್ಲ. ಹಿಂದೆ ಇದೇ ಇಂಜೆಕ್ಷನ್ ಆಗದೆ ಹೋಗಿದ್ದರೆ ಅದು ಮುಖ್ಯ.

ಎಂಆರ್‌ಐ ಕೋಣೆಗೆ ಹೋಗುವ ಮುಂಚೆ ಸೀರೆಯ ಪಿನ್ನು, ಹೇರ್‌ಪಿನ್ನು, ಬಳೆ, ಮೂಗುತಿ, ಮಾಂಗಲ್ಯ, ಕಾಲುಂಗುರ ಎಲ್ಲ ತೆಗೆಯಬೇಕು. ಚಿನ್ನ ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲ ನಿಜ, ಆದರೆ ಬಿಸಿಯಾಗಬಹುದು, ಚಿತ್ರ ಹಾಳಾಗುತ್ತದೆ. ಉಕ್ಕಿನ ಪಿನ್ನಂತೂ ಬಾಣದ ಹಾಗೆ ಹಾರುತ್ತದೆ. ನಲವತ್ತು ವರ್ಷದಿಂದ ತೆಗೆಯದ ಕಾಲುಂಗುರಕ್ಕೆ ಸೋಪಿನ ನೊರೆ ಹಚ್ಚಿ ಬಿಡಿಸುವುದು ನಮ್ಮ ಕೆಲಸದ ಭಾಗವೇ ಆಗಿದೆ. ಮನೆಯಲ್ಲೇ ಸಂಜೆ ಬಿಡಿಸಿಕೊಂಡು ಬಂದರೆ ಪುಣ್ಯ. ಪೇಸ್‌ಮೇಕರ್, ಹಳೇ ಆಪರೇಷನ್ನಿನ ಕ್ಲಿಪ್ ಇದ್ದರೆ ಬುಕಿಂಗ್ ಮಾಡುವಾಗಲೇ ಹೇಳಿ.

ವಿಕಿರಣದ ಬಗ್ಗೆ ಹೆದರಿಕೆಯೂ ಜಾಸ್ತಿ, ಉಡಾಫೆಯೂ ಜಾಸ್ತಿ. ಸುಮ್ಮನೆ ಭೂಮಿಯ ಮೇಲೆ ಬದುಕಿದ್ದಕ್ಕೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ) ನಮಗೆ ಬೀಳುತ್ತದೆ. ಹೊಟ್ಟೆಯ ಎಕ್ಸ್-ರೇ ಒಂದಕ್ಕಿಂತ ಕಡಿಮೆ. ಹೊಟ್ಟೆಯ ಸಿಟಿ ಸುಮಾರು 8, ಅಂದರೆ ಮೂರು ವರ್ಷಕ್ಕೂ ಮಿಕ್ಕಿದ ಪಾಲು ಒಂದೇ ಬಾರಿಗೆ. ಹಲವು ಹಂತ ತೆಗೆದರೆ ಇದರ ಎರಡರಷ್ಟೂ ಆಗಬಹುದು. ಅರವತ್ತರ ಅಜ್ಜನಿಗೆ ಜೀವ ಉಳಿಸುವ ಸಿಟಿ ಬೇಕಾದರೆ ಈ ಲೆಕ್ಕ ಹಾಕುತ್ತಾ ಕೂರಬೇಡಿ. ಹದಿನೆಂಟರ ಹುಡುಗಿಗೆ "ಒಂದು ಸಲ ನೋಡಿಬಿಡೋಣ" ಅಂತ ಮಾಡಿಸುವ ಮುಂಚೆ ಹಾಕಿ.

ಬರುವಾಗ ಹಳೇ ರಿಪೋರ್ಟು, ಫಿಲ್ಮು, ಸಿಡಿ ತನ್ನಿ. ಹೋದ ತಿಂಗಳು ಒಬ್ಬ ಅಮ್ಮನ ಲಿವರ್‌ನಲ್ಲಿ ಎರಡು ಸೆಂಟಿಮೀಟರ್ ಚುಕ್ಕೆ ಕಂಡಿತ್ತು. ಎಂಆರ್‌ಐಗೆ ಬರೆದರು, ಮಗಳ ಮುಖ ಬಿಳಿಚಿಹೋಗಿತ್ತು. ಅಮ್ಮ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ, "ಹಿಂದೆ ಒಂದು ಸಲ ಮಾಡ್ಸಿದ್ವಲ್ಲೇ, ಬೀರು ಮೇಲಿದೆ" ಅಂದರು. ಮಗ ಬೈಕಲ್ಲಿ ಹೋಗಿ ತಂದ. ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿದ್ದ, ಆರು ವರ್ಷ ಹಳೆಯ ಸಿಟಿ ಫಿಲ್ಮ್. ಡಾಕ್ಟರು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದರು. ಅದೇ ಚುಕ್ಕೆ, ಅದೇ ಜಾಗ, ಅಷ್ಟೇ ಗಾತ್ರ. ಹಿಮ್ಯಾಂಜಿಯೋಮಾ, ರಕ್ತನಾಳಗಳ ನಿರಪಾಯದ ಗಂಟು. ಎಂಆರ್‌ಐ ಚೀಟಿಯನ್ನು ಅವರೇ ಅಡ್ಡಗೆರೆ ಹಾಕಿ ವಾಪಸ್ ಕೊಟ್ಟರು.